ಗೇಮಿಂಗ್ ಲ್ಯಾಪ್‌ಟಾಪಿಗೆ ಒಂದಕ್ಕಿಂತ ಹೆಚ್ಚು ಮಾನಿಟರ್: ಯಾವ ಜೋಡಣೆ ಯಾರಿಗೆ?

ಗೇಮಿಂಗ್ ಲ್ಯಾಪ್‌ಟಾಪ್ ಕೊಂಡವರಲ್ಲಿ ಅನೇಕರಿಗೆ ಸ್ವಲ್ಪ ಕಾಲದಲ್ಲೇ ಅದರ 15.6 ಇಂಚಿನ ಪರದೆ ಸಾಲದೆನಿಸುತ್ತದೆ. ಹೊರಗೆ ಒಂದು ಮಾನಿಟರ್ ಸಾಕೇ, ಎರಡು ಬೇಕೇ, ಮೂರನ್ನು ಸಾಲಾಗಿ ನಿಲ್ಲಿಸಿ ಆಡಬಹುದೇ, ಅಥವಾ ಅದೇ ಹಣಕ್ಕೆ ಅಗಲವಾದ ಒಂದೇ ಅಲ್ಟ್ರಾವೈಡ್ ಪರದೆ ಕೊಳ್ಳುವುದು ಮೇಲೇ ಎಂಬ ಪ್ರಶ್ನೆಗಳು ಆಗ ಎದುರಾಗುತ್ತವೆ. ಡೆಸ್ಕ್‌ಟಾಪ್ ಇರುವವರಿಗೆ ಇದು ದೊಡ್ಡ ಸಮಸ್ಯೆಯಲ್ಲ. ಗ್ರಾಫಿಕ್ಸ್ ಕಾರ್ಡಿನ ಹಿಂಬದಿಯಲ್ಲಿ ಮೂರು ನಾಲ್ಕು ಪೋರ್ಟ್‌ಗಳಿರುತ್ತವೆ, ಎಲ್ಲವೂ ಅದೇ ಕಾರ್ಡಿಗೆ ಸೇರಿರುತ್ತವೆ. ಲ್ಯಾಪ್‌ಟಾಪಿನಲ್ಲಿ ಪೋರ್ಟ್‌ಗಳೂ ಕಡಿಮೆ, ಇರುವ ಪೋರ್ಟ್ ಯಾವ ಗ್ರಾಫಿಕ್ಸ್ ಚಿಪ್ಪಿಗೆ ಸೇರಿದೆ ಎಂಬುದೂ ಹೊರಗಿನಿಂದ ತಿಳಿಯುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಹೆಚ್ಚಿನವರಿಗೆ ಒಪ್ಪುವ ಜೋಡಣೆ ಎಂದರೆ ಆಟಕ್ಕೆ ಒಂದು ಒಳ್ಳೆಯ ಮಾನಿಟರ್, ಮಿಕ್ಕ ಕೆಲಸಗಳಿಗೆ ಲ್ಯಾಪ್‌ಟಾಪಿನದೇ ಪರದೆ. ಮೂರು ಮಾನಿಟರ್‌ಗಳ ಸಾಲು ವಾಹನ ಓಡಿಸುವ ಮತ್ತು ವಿಮಾನ ಹಾರಿಸುವ ಆಟಗಳನ್ನೇ ಮುಖ್ಯವಾಗಿ ಆಡುವವರಿಗೆ ಮಾತ್ರ ತಕ್ಕದ್ದು. ಇದಕ್ಕೆ ಕಾರಣಗಳು ಮುಂದೆ ಬರುತ್ತವೆ. ಆದರೆ ಮಾನಿಟರ್ ಅಂಗಡಿಗೆ ಹೋಗುವ ಮೊದಲು ಲ್ಯಾಪ್‌ಟಾಪಿನಲ್ಲೇ ನೋಡಿಕೊಳ್ಳಬೇಕಾದ ಸಂಗತಿಯೊಂದಿದೆ.

ಯಾವ ಪೋರ್ಟ್ ಯಾವ ಚಿಪ್ಪಿಗೆ

ಇಂದಿನ ಬಹುತೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿರುತ್ತವೆ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನ ಒಳಗೇ ಇರುವ ಸಣ್ಣ ಚಿಪ್ ಒಂದು. ಆಟಕ್ಕಾಗಿ ಪ್ರತ್ಯೇಕವಾಗಿ ಕೂರಿಸಿರುವ, ಸಾಮಾನ್ಯವಾಗಿ ಎನ್‌ವಿಡಿಯಾದ, ದೊಡ್ಡ ಚಿಪ್ ಇನ್ನೊಂದು. ಬ್ಯಾಟರಿ ಉಳಿಸುವ ಸಲುವಾಗಿ ಲ್ಯಾಪ್‌ಟಾಪಿನ ಸ್ವಂತ ಪರದೆಯನ್ನು ಸಾಮಾನ್ಯವಾಗಿ ಸಣ್ಣ ಚಿಪ್ಪಿಗೆ ಜೋಡಿಸಿರುತ್ತಾರೆ. ಆಟ ನಡೆಯುವಾಗ ದೊಡ್ಡ ಚಿಪ್ ಚಿತ್ರವನ್ನು ರಚಿಸಿ, ಅದನ್ನು ಸಣ್ಣ ಚಿಪ್ಪಿಗೆ ದಾಟಿಸಿ, ಅಲ್ಲಿಂದ ಅದು ಪರದೆಗೆ ಹೋಗಬೇಕು. ಪ್ರತಿ ಫ್ರೇಮೂ ಹೀಗೆ ಸುತ್ತಿ ಬರುವುದರಿಂದ ವೇಗ ಸ್ವಲ್ಪ ತಗ್ಗುತ್ತದೆ, ಚಿತ್ರ ತಲುಪುವುದೂ ಸ್ವಲ್ಪ ತಡವಾಗುತ್ತದೆ. ಮಕ್ಸ್ ಸ್ವಿಚ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಈ ಸುತ್ತುದಾರಿಯನ್ನು ತಪ್ಪಿಸಿ ಪರದೆಯನ್ನು ನೇರವಾಗಿ ದೊಡ್ಡ ಚಿಪ್ಪಿಗೆ ಕೊಡಬಹುದು.

ಹೊರಗಿನ ಮಾನಿಟರಿಗೂ ಇದೇ ನಿಯಮ ಅನ್ವಯಿಸುತ್ತದೆ. ದೊಡ್ಡ ಚಿಪ್ಪಿಗೆ ನೇರವಾಗಿ ಸೇರಿದ ಪೋರ್ಟಿಗೆ ಮಾನಿಟರ್ ಜೋಡಿಸಿದರೆ, ಮಕ್ಸ್ ಸ್ವಿಚ್ ಇಲ್ಲದ ಲ್ಯಾಪ್‌ಟಾಪಿನಲ್ಲಿಯೂ ಆಟ ಸ್ವಂತ ಪರದೆಯಲ್ಲಿ ಓಡುವುದಕ್ಕಿಂತ ಹಗುರವಾಗಿ ಓಡಬಲ್ಲದು. ಬದಲಾಗಿ ಸಣ್ಣ ಚಿಪ್ಪಿನ ಪೋರ್ಟಿಗೆ ಜೋಡಿಸಿದರೆ ಸುತ್ತುದಾರಿ ಹಾಗೆಯೇ ಉಳಿಯುತ್ತದೆ, ಪರದೆಯ ವೇಗವನ್ನು ಆಟದ ವೇಗಕ್ಕೆ ಹೊಂದಿಸುವ ಎನ್‌ವಿಡಿಯಾದ ಜಿ-ಸಿಂಕ್ ಕೂಡ ಸಿಗುವುದಿಲ್ಲ. ಅನೇಕ ಮಾದರಿಗಳಲ್ಲಿ ಎಚ್‌ಡಿಎಂಐ ಪೋರ್ಟ್ ದೊಡ್ಡ ಚಿಪ್ಪಿಗೂ ಯುಎಸ್‌ಬಿ-ಸಿ ಪೋರ್ಟ್ ಸಣ್ಣ ಚಿಪ್ಪಿಗೂ ಸೇರಿರುತ್ತದೆ; ಕೆಲವದರಲ್ಲಿ ಎರಡೂ ದೊಡ್ಡ ಚಿಪ್ಪಿನವೇ; ಇನ್ನು ಕೆಲವದರಲ್ಲಿ ಯುಎಸ್‌ಬಿ-ಸಿ ಇದ್ದರೂ ಅದರಿಂದ ಚಿತ್ರವೇ ಹೊರಬರುವುದಿಲ್ಲ, ಬರೇ ಡೇಟಾ ಸಾಗಿಸುತ್ತದೆ. ನೋಡಲು ಎಲ್ಲ ಯುಎಸ್‌ಬಿ-ಸಿ ಪೋರ್ಟ್‌ಗಳೂ ಒಂದೇ ರೀತಿ ಇರುವುದರಿಂದ ಪಕ್ಕದಲ್ಲಿ ಚಿತ್ರ ಹೊರಬರುತ್ತದೆಂದು ಸೂಚಿಸುವ ಗುರುತು, ಅಂದರೆ ಡಿಸ್‌ಪ್ಲೇಪೋರ್ಟಿನ ಡಿ ಮತ್ತು ಪಿ ಸೇರಿದ ಗುರುತು ಅಥವಾ ಯುಎಸ್‌ಬಿ-ಸಿ ಆಕಾರದಲ್ಲೇ ಬರುವ ವೇಗದ ಪೋರ್ಟಾದ ಥಂಡರ್‌ಬೋಲ್ಟಿನ ಮಿಂಚಿನ ಗುರುತು ಇದೆಯೇ ಎಂದು ನೋಡಬೇಕು. ಗುರುತು ಇಲ್ಲದಿದ್ದರೆ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಪೂರ್ಣ ಸಂಖ್ಯೆ ಹಾಕಿ ವಿವರಪಟ್ಟಿ ತೆಗೆಯುವುದೇ ದಾರಿ. ಒಂದೇ ಹೆಸರಿನ ಲ್ಯಾಪ್‌ಟಾಪಿನಲ್ಲಿಯೂ ವರ್ಷದಿಂದ ವರ್ಷಕ್ಕೆ ಪೋರ್ಟ್‌ಗಳು ಬದಲಾಗುವುದರಿಂದ ಹೆಸರೊಂದನ್ನೇ ನಂಬಬಾರದು.

ಮಾನಿಟರನ್ನು ಎರವಲು ತಂದಾದರೂ ಒಮ್ಮೆ ಪರೀಕ್ಷಿಸಿ ನೋಡುವುದು ಎಲ್ಲಕ್ಕಿಂತ ಖಚಿತ. ಟಿವಿ ಇದ್ದರೂ ಸಾಕು. ಕೇಬಲ್ ಚುಚ್ಚಿದ ಮೇಲೆ ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಡಿಸ್‌ಪ್ಲೇ, ಅದರ ಕೆಳಭಾಗದಲ್ಲಿ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂಬಲ್ಲಿಗೆ ಹೋಗಿ, ಮೇಲಿನ ಪಟ್ಟಿಯಲ್ಲಿ ಹೊರಗಿನ ಪರದೆಯನ್ನು ಆರಿಸಬೇಕು. ಆ ಪರದೆ ಯಾವ ಗ್ರಾಫಿಕ್ಸ್ ಚಿಪ್ಪಿಗೆ ಸೇರಿದೆ ಎಂದು ಅಲ್ಲಿಯೇ ಹೆಸರು ಸಹಿತ ಬರೆದಿರುತ್ತದೆ. ಎನ್‌ವಿಡಿಯಾದ ಜಿಫೋರ್ಸ್ ಎಂದಿದ್ದರೆ ಆ ಪೋರ್ಟ್ ಆಟದ ಮಾನಿಟರಿಗೆ ಮೀಸಲು. ಇಂಟೆಲ್ ಅಥವಾ ಎಎಂಡಿ ರೇಡಿಯಾನ್‌ನ ಒಳಚಿಪ್ಪಿನ ಹೆಸರಿದ್ದರೆ ಆ ಪೋರ್ಟನ್ನು ಎರಡನೆಯ ಮಾನಿಟರಿಗೆ ಬಿಡಿ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸರೌಂಡ್ ಪುಟದಲ್ಲಿಯೂ ಯಾವ ಪೋರ್ಟ್ ಯಾವ ಚಿಪ್ಪಿನಿಂದ ಹೊರಡುತ್ತದೆ ಎಂಬ ಚಿತ್ರ ಸಿಗುತ್ತದೆ.

ಪಿಕ್ಸೆಲ್‌ಗಳ ಲೆಕ್ಕ

ಆಯ್ಕೆಗಳನ್ನು ಹೋಲಿಸುವಾಗ ಇಂಚುಗಳಿಗಿಂತ ಪಿಕ್ಸೆಲ್‌ಗಳನ್ನು ಎಣಿಸುವುದು ಒಳಿತು, ಏಕೆಂದರೆ ಗ್ರಾಫಿಕ್ಸ್ ಚಿಪ್ಪಿನ ಮೇಲೆ ಭಾರ ಬೀಳುವುದು ಅವುಗಳಿಂದ. 1920×1080ರ ಸಾಧಾರಣ ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ. 2560×1440ರಲ್ಲಿ ಸುಮಾರು 36.9 ಲಕ್ಷ, 3440×1440ರ ಅಲ್ಟ್ರಾವೈಡಿನಲ್ಲಿ ಸುಮಾರು 49.5 ಲಕ್ಷ, ಫುಲ್ ಎಚ್‌ಡಿಯ ಮೂರು ಮಾನಿಟರ್ ಸೇರಿಸಿದ 5760×1080ರಲ್ಲಿ ಸುಮಾರು 62.2 ಲಕ್ಷ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. 1440ರ ಮೂರು ಮಾನಿಟರ್‌ಗಳನ್ನು ಸೇರಿಸಿದರೆ ಒಂದು ಕೋಟಿ ಹತ್ತು ಲಕ್ಷ ದಾಟುತ್ತದೆ. ಅದು 4ಕೆಗಿಂತಲೂ ಭಾರ.

ಇಲ್ಲಿ ಲ್ಯಾಪ್‌ಟಾಪ್ ಚಿಪ್ಪಿನ ಹೆಸರಿನಿಂದ ಮೋಸಹೋಗಬಾರದು. ಆರ್‌ಟಿಎಕ್ಸ್ 4090 ಎಂಬ ಹೆಸರು ಡೆಸ್ಕ್‌ಟಾಪಿನಲ್ಲೂ ಇದೆ, ಲ್ಯಾಪ್‌ಟಾಪಿನಲ್ಲೂ ಇದೆ. ಡೆಸ್ಕ್‌ಟಾಪ್ ಕಾರ್ಡ್ 450 ವ್ಯಾಟ್ ಮತ್ತು 24 ಜಿಬಿ ಮೆಮೊರಿಯದು. ಲ್ಯಾಪ್‌ಟಾಪಿನದು ಮಾದರಿಗೆ ತಕ್ಕಂತೆ 80ರಿಂದ 150 ವ್ಯಾಟಿನ, 16 ಜಿಬಿ ಮೆಮೊರಿಯ ಚಿಪ್. ಮಧ್ಯಮ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಕಾಣುವ ಆರ್‌ಟಿಎಕ್ಸ್ 4060ರಲ್ಲಿ ಮೆಮೊರಿ 8 ಜಿಬಿ. ಇಂಥ ಚಿಪ್ಪಿಗೆ ಹೊಸ ಆಟವೊಂದನ್ನು 62 ಲಕ್ಷ ಪಿಕ್ಸೆಲ್‌ಗಳಲ್ಲಿ ಓಡಿಸಲು ಹೇಳಿದರೆ ಅದು ಓಡಿಸುತ್ತದೆ, ಆದರೆ ನೆರಳು, ಬೆಳಕು, ವಿನ್ಯಾಸಗಳನ್ನೆಲ್ಲ ಕೆಳಕ್ಕಿಳಿಸಬೇಕಾಗುತ್ತದೆ. ಮೂರು ಪರದೆಯಲ್ಲಿ ಮಂಕಾದ ಆಟಕ್ಕಿಂತ ಒಂದು ಪರದೆಯಲ್ಲಿ ಚೆಂದದ ಆಟವೇ ನನಗೆ ಮೇಲೆನಿಸುತ್ತದೆ.

ಎರಡನೆಯ ಪರದೆಯಲ್ಲಿ ಆಟಗಾರರು ಮಾತಾಡಲು ಬಳಸುವ ಡಿಸ್ಕಾರ್ಡ್, ನಕ್ಷೆ, ಬ್ರೌಸರ್ ಅಥವಾ ಸ್ಟ್ರೀಮಿಂಗ್ ತಂತ್ರಾಂಶ ತೆರೆದಿಟ್ಟರೆ ಆಟದ ಪಿಕ್ಸೆಲ್‌ಗಳು ಹೆಚ್ಚುವುದಿಲ್ಲ. ಭಾರ ಅಲ್ಪವೇ. ಆಟ ಎಷ್ಟು ಪರದೆಗಳ ಮೇಲೆ ಹರಡಿದೆ ಎಂಬುದಕ್ಕೂ ಒಟ್ಟು ಎಷ್ಟು ಪರದೆಗಳು ಉರಿಯುತ್ತಿವೆ ಎಂಬುದಕ್ಕೂ ಇರುವ ಈ ವ್ಯತ್ಯಾಸವನ್ನು ಅನೇಕರು ಗಮನಿಸದೆ, ಎರಡನೆಯ ಮಾನಿಟರ್ ಇಟ್ಟರೆ ಆಟದ ವೇಗ ಅರ್ಧಕ್ಕಿಳಿಯುತ್ತದೆಂದು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ.

ನಾಲ್ಕು ಜೋಡಣೆಗಳು

ಮೊದಲನೆಯದು ಹೊರಗಿನ ಒಂದು ಮಾನಿಟರ್ ಮತ್ತು ಲ್ಯಾಪ್‌ಟಾಪಿನ ಸ್ವಂತ ಪರದೆ. ಖರ್ಚು ಕಡಿಮೆ, ಒಂದೇ ಕೇಬಲ್, ಪೋರ್ಟ್‌ಗಳನ್ನು ಹೆಚ್ಚಿಸುವ ಡಾಕ್ ಎಂಬ ಪೆಟ್ಟಿಗೆ ಬೇಡ. 27 ಇಂಚಿನ 2560×1440 ರೆಸಲ್ಯೂಶನ್, 144 ಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚು ರಿಫ್ರೆಶ್ ದರದ, ಬದಿಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಬಗೆಯ ಮಾನಿಟರ್ ಈ ಜೋಡಣೆಗೆ ನನ್ನ ಮೊದಲ ಆಯ್ಕೆ. 60 ಹರ್ಟ್ಸ್ ಪರದೆಯಲ್ಲಿ ಹೊಸ ಚಿತ್ರ 16.7 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ, 144 ಹರ್ಟ್ಸ್‌ನಲ್ಲಿ 6.9 ಮಿಲಿಸೆಕೆಂಡಿಗೊಮ್ಮೆ, ಗುರಿಯಿಟ್ಟು ಹೊಡೆಯುವ ಆಟಗಳಲ್ಲಿ ಈ ವ್ಯತ್ಯಾಸ ಕಣ್ಣಿಗೂ ಕೈಗೂ ಗೊತ್ತಾಗುತ್ತದೆ. ಚಿಪ್ ಸಾಧಾರಣದ್ದಾದರೆ 24 ಇಂಚಿನ ಫುಲ್ ಎಚ್‌ಡಿ ತೆಗೆದುಕೊಳ್ಳಿ, 27 ಇಂಚಿನ ಫುಲ್ ಎಚ್‌ಡಿ ಬೇಡ. 15.6 ಇಂಚಿನ ಫುಲ್ ಎಚ್‌ಡಿ ಪರದೆಯಲ್ಲಿ ಇಂಚಿಗೆ ಸುಮಾರು 141 ಪಿಕ್ಸೆಲ್‌ಗಳನ್ನು ನೋಡಿ ಪಳಗಿದ ಕಣ್ಣಿಗೆ 27 ಇಂಚಿನಲ್ಲಿ ಅದು 82ಕ್ಕೆ ಇಳಿದಾಗ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ. ಅದೇ 27 ಇಂಚು 1440ರಲ್ಲಿ 109.

ಎರಡನೆಯದು ಹೊರಗಿನ ಎರಡು ಮಾನಿಟರ್. ಆಟದ ಜೊತೆಗೆ ಸ್ಟ್ರೀಮಿಂಗ್ ಮಾಡುವವರಿಗೆ, ಹಗಲು ಅದೇ ಮೇಜಿನಲ್ಲಿ ಕಚೇರಿ ಕೆಲಸ ಮಾಡುವವರಿಗೆ ಇದು ನಿಜವಾಗಿ ಉಪಯುಕ್ತ. ಎರಡೂ ಒಂದೇ ಬಗೆಯವಾಗಿರಬೇಕೆಂಬ ನಿಯಮವಿಲ್ಲ. ಆಟದ್ದು ವೇಗದ ಮಾನಿಟರ್, ಪಕ್ಕದ್ದು 60 ಅಥವಾ 75 ಹರ್ಟ್ಸ್‌ನ ಅಗ್ಗದ್ದು ಅಥವಾ ಮನೆಯಲ್ಲಿರುವ ಹಳೆಯದು ಇದ್ದರೆ ನಡೆಯುತ್ತದೆ. ಬೇರೆ ಬೇರೆ ರಿಫ್ರೆಶ್ ದರದ ಪರದೆಗಳನ್ನು ಒಟ್ಟಿಗೆ ಇಟ್ಟಾಗ ವೇಗದ್ದೂ ತಡವರಿಸುವ ದೋಷ ಹಳೆಯ ವಿಂಡೋಸ್‌ನಲ್ಲಿ ಇತ್ತು. 2020ರಲ್ಲಿ ಬಂದ ವಿಂಡೋಸ್ 10ರ 2004ನೆಯ ಆವೃತ್ತಿಯಿಂದ ಅದು ಬಹಳ ಮಟ್ಟಿಗೆ ಸರಿಹೋಗಿದೆ. ಪಕ್ಕದ ಪರದೆಯಲ್ಲಿ ವಿಡಿಯೊ ಓಡಿಸುವಾಗ ಆಟ ತಡವರಿಸಿದರೆ ಬ್ರೌಸರಿನ ಹಾರ್ಡ್‌ವೇರ್ ಆಕ್ಸಿಲರೇಶನ್ ಎಂಬ ಸೆಟ್ಟಿಂಗನ್ನು ಆಫ್ ಮಾಡಿ ನೋಡಬಹುದು. ಊರಿಂದೂರಿಗೆ ಓಡಾಡುವ ವಿದ್ಯಾರ್ಥಿಗಳು ಎರಡನೆಯದಕ್ಕೆ 15.6 ಇಂಚಿನ ಪೋರ್ಟಬಲ್ ಮಾನಿಟರ್ ಕೊಳ್ಳುವುದುಂಟು. ವಿದ್ಯುತ್ತೂ ಚಿತ್ರವೂ ಒಂದೇ ಯುಎಸ್‌ಬಿ-ಸಿ ಕೇಬಲಿನಲ್ಲಿ ಬರುವುದು ಅದರ ಅನುಕೂಲ.

ಮೂರನೆಯದು ಒಂದೇ ಅಲ್ಟ್ರಾವೈಡ್. 34 ಇಂಚಿನ 3440×1440 ಪರದೆ ಎರಡು ಮಾನಿಟರ್‌ಗಳ ಕೆಲಸವನ್ನು ಬಹಳಷ್ಟು ಮಾಡುತ್ತದೆ, ನಡುವೆ ಅಂಚಿನ ಗೆರೆ ಇರುವುದಿಲ್ಲ, ಪೋರ್ಟೂ ಒಂದೇ ಸಾಕು. ಪೋರ್ಟ್ ಬಡತನವಿರುವ ಲ್ಯಾಪ್‌ಟಾಪಿಗೆ ಇದು ದೊಡ್ಡ ಲಾಭ. ಆದರೆ ಎಲ್ಲ ಆಟಗಳೂ ಈ ಅಗಲವನ್ನು ಒಪ್ಪುವುದಿಲ್ಲ. ಎಲ್ಡನ್ ರಿಂಗ್ ಎರಡು ಬದಿಗೂ ಕಪ್ಪು ಪಟ್ಟಿ ಬಿಟ್ಟು ಸಾಧಾರಣ ಪರದೆಯ 16:9 ಅನುಪಾತದಲ್ಲೇ ನಡೆಯುತ್ತದೆ, ಅದರ ವೇಗವೂ ಸೆಕೆಂಡಿಗೆ 60 ಫ್ರೇಮ್‌ಗೆ ಸೀಮಿತ. ನೀವು ಹೆಚ್ಚಾಗಿ ಆಡುವ ಎರಡು ಮೂರು ಆಟಗಳು ಅಲ್ಟ್ರಾವೈಡಿನ 21:9 ಅನುಪಾತವನ್ನು ಬೆಂಬಲಿಸುತ್ತವೆಯೇ ಎಂದು ನೋಡದೆ ಅಲ್ಟ್ರಾವೈಡ್ ಕೊಳ್ಳಬಾರದು. ಪೂರ್ತಿ ಪರದೆಯಲ್ಲಿ ಆಟ ನಡೆಯುವಾಗ ಡಿಸ್ಕಾರ್ಡಿಗೆ ಮತ್ತೆ ಲ್ಯಾಪ್‌ಟಾಪಿನ ಪರದೆಯನ್ನೇ ನೋಡಬೇಕಾಗುತ್ತದೆ ಎಂಬುದೂ ನೆನಪಿರಲಿ.

ನಾಲ್ಕನೆಯದು ಮೂರು ಮಾನಿಟರ್‌ಗಳ ಸಾಲು. ಎನ್‌ವಿಡಿಯಾದ ಸರೌಂಡ್, ಎಎಂಡಿಯ ಐಫಿನಿಟಿ ಎಂಬ ಸೌಲಭ್ಯಗಳು ಮೂರು ಪರದೆಗಳನ್ನು ಸೇರಿಸಿ ಆಟಕ್ಕೆ ಒಂದೇ ಪರದೆಯಂತೆ ತೋರಿಸುತ್ತವೆ. ಸ್ಟೀರಿಂಗ್ ಹಿಡಿದು ಅಸೆಟ್ಟೊ ಕೋರ್ಸಾ ಅಥವಾ ಐರೇಸಿಂಗ್ ಆಡುವವರಿಗೆ, ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಗಂಟೆಗಟ್ಟಲೆ ಲಾರಿ ಓಡಿಸುವವರಿಗೆ ಇದರ ಸುಖವೇ ಬೇರೆ. ಪಕ್ಕದ ಕನ್ನಡಿಯನ್ನೂ ಓವರ್‌ಟೇಕ್ ಮಾಡುತ್ತಿರುವ ಕಾರನ್ನೂ ತಲೆ ತಿರುಗಿಸಿ ನೋಡಬಹುದು. ಈ ಆಟಗಳು ಪಕ್ಕದ ಮಾನಿಟರ್‌ಗಳ ಕೋನವನ್ನು ಲೆಕ್ಕಕ್ಕೆ ತೆಗೆದುಕೊಂಡು ಪ್ರತಿ ಪರದೆಗೆ ಬೇರೆಯಾಗಿ ಚಿತ್ರ ರಚಿಸಬಲ್ಲವು. ಆ ಏರ್ಪಾಡಿಲ್ಲದ ಆಟಗಳಲ್ಲಿ ಪಕ್ಕದ ಪರದೆಯ ಚಿತ್ರ ಎಳೆದು ಹಿಗ್ಗಿಸಿದಂತೆ ಕಾಣುತ್ತದೆ. ಓಡಿ ಗುಂಡು ಹಾರಿಸುವ ಆಟಗಳಲ್ಲಿ ಹಾಗೆ ಹಿಗ್ಗಿದ ಅಂಚಿನಿಂದ ಪ್ರಯೋಜನವಿಲ್ಲ.

ಲ್ಯಾಪ್‌ಟಾಪಿನಲ್ಲಿ ಈ ಸಾಲಿಗೆ ಇರುವ ಅಡ್ಡಿಗಳನ್ನು ಅರಿತೇ ಮುಂದುವರಿಯಬೇಕು. ಸರೌಂಡ್‌ಗೆ ಮೂರೂ ಮಾನಿಟರ್‌ಗಳು ದೊಡ್ಡ ಚಿಪ್ಪಿಗೇ ಸೇರಿರಬೇಕು, ಒಂದೇ ರೆಸಲ್ಯೂಶನ್ನಿನವಾಗಿರಬೇಕು, ರಿಫ್ರೆಶ್ ದರವೂ ಒಂದೇ ಆಗಿರಬೇಕು. ಲ್ಯಾಪ್‌ಟಾಪಿನ ಸ್ವಂತ ಪರದೆಯನ್ನು ಮೂರರಲ್ಲೊಂದಾಗಿ ಎಣಿಸಿಕೊಳ್ಳುವ ಹಾಗಿಲ್ಲ. ಎನ್‌ವಿಡಿಯಾ ಚಿಪ್ ಒಮ್ಮೆಗೆ ನಾಲ್ಕು ಪರದೆಗಳವರೆಗೆ ನಡೆಸಬಲ್ಲದಾದರೂ ಅದಕ್ಕೆ ಸೇರಿದ ಪೋರ್ಟ್‌ಗಳು ಲ್ಯಾಪ್‌ಟಾಪಿನಲ್ಲಿ ಹೆಚ್ಚೆಂದರೆ ಎರಡು ಅಥವಾ ಮೂರು ಇರುತ್ತವೆ. ಈ ಮೂರೂ ಶರತ್ತು ಪೂರೈಸುವ ಲ್ಯಾಪ್‌ಟಾಪ್ ನಿಮ್ಮಲ್ಲಿಲ್ಲದಿದ್ದರೆ, ರೇಸಿಂಗ್ ಆಟಕ್ಕೂ ಅಲ್ಟ್ರಾವೈಡೇ ಸರಿಯಾದ ಆಯ್ಕೆ.

ಕೇಬಲ್, ಹಬ್, ಡಾಕ್

ಪೋರ್ಟಿಗೂ ಒಂದು ಮಿತಿಯಿದೆ. ಎಚ್‌ಡಿಎಂಐ 1.4ರ ಸಾಮರ್ಥ್ಯ ಸೆಕೆಂಡಿಗೆ 10.2 ಗಿಗಾಬಿಟ್, 2.0ರದು 18, 2.1ರದು 48. ಹಳೆಯ ಲ್ಯಾಪ್‌ಟಾಪಿನ 1.4 ಪೋರ್ಟಿನಿಂದ 4ಕೆ ಚಿತ್ರ 30 ಹರ್ಟ್ಸ್‌ಗೆ ನಿಂತುಬಿಡುತ್ತದೆ, 2.0 ಇದ್ದರೆ 1440ರ 144 ಹರ್ಟ್ಸ್ ದೊರೆಯುತ್ತದೆ. 2.1 ಎಂದು ಬರೆದ ಮಾತ್ರಕ್ಕೆ ಪೂರ್ತಿ 48 ಗಿಗಾಬಿಟ್ ಸಿಗಲೇಬೇಕೆಂದಿಲ್ಲ, ಏಕೆಂದರೆ ಆ ಆವೃತ್ತಿಯ ಹಲವು ಸೌಲಭ್ಯಗಳು ತಯಾರಕರ ಇಷ್ಟಕ್ಕೆ ಬಿಟ್ಟವು. ವಿವರಪಟ್ಟಿಯಲ್ಲಿ ಆವೃತ್ತಿಯ ಸಂಖ್ಯೆಗಿಂತ ಯಾವ ರೆಸಲ್ಯೂಶನ್ನಿಗೆ ಎಷ್ಟು ಹರ್ಟ್ಸ್ ಎಂದು ಬರೆದಿರುವುದನ್ನು ನಂಬಿ. ಆಟದ ಮಾನಿಟರನ್ನು ಯಾವ ಹಬ್ಬಿನ ಮಧ್ಯಸ್ಥಿಕೆಯೂ ಇಲ್ಲದೆ ನೇರ ಕೇಬಲಿನಲ್ಲಿ ಜೋಡಿಸುವುದು ಎಲ್ಲ ರೀತಿಯಿಂದ ಉತ್ತಮ.

ಪೋರ್ಟ್ ಸಾಲದಿದ್ದಾಗ ಹಬ್ ಬೇಕಾಗುತ್ತದೆ, ಗೊಂದಲ ಶುರುವಾಗುವುದೂ ಅಲ್ಲಿಂದಲೇ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ನಿಮ್ಮೂರಿನ ಕಂಪ್ಯೂಟರ್ ಅಂಗಡಿಯಲ್ಲಾಗಲಿ ಎರಡು ಮಾನಿಟರ್ ಜೋಡಿಸಬೇಕು ಎಂದಷ್ಟೇ ಹೇಳಿದರೆ ಎಚ್‌ಡಿಎಂಐ ಸ್ಪ್ಲಿಟರ್ ಕೈಗೆ ಬರುವ ಸಂಭವವಿದೆ. ಅದು ಒಂದೇ ಚಿತ್ರವನ್ನು ಎರಡೂ ಪರದೆಗೆ ಹಂಚುತ್ತದೆ, ಪರದೆಯನ್ನು ವಿಸ್ತರಿಸುವುದಿಲ್ಲ; ನಮ್ಮ ಉದ್ದೇಶಕ್ಕೆ ಅದರಿಂದ ಏನೂ ಉಪಯೋಗವಿಲ್ಲ. ಎರಡು ಬೇರೆ ಬೇರೆ ಚಿತ್ರ ಬೇಕಾದರೆ ಯುಎಸ್‌ಬಿ-ಸಿಯಿಂದ ಡಿಸ್‌ಪ್ಲೇಪೋರ್ಟ್ ಸಂಕೇತವನ್ನೇ ಪಡೆದು ಕವಲೊಡೆಸುವ ಎಂಎಸ್‌ಟಿ ಹಬ್ ಎಂದು ನಿರ್ದಿಷ್ಟವಾಗಿ ಕೇಳಬೇಕು.

ಎಂಎಸ್‌ಟಿ ಹಬ್ಬಿನ ಲೆಕ್ಕವನ್ನೊಮ್ಮೆ ಮಾಡಿನೋಡಿ. ಡಿಸ್‌ಪ್ಲೇಪೋರ್ಟ್ 1.4ರಲ್ಲಿ ನಾಲ್ಕು ಪಥಗಳೂ ಸೇರಿ ಚಿತ್ರಕ್ಕೆ ಸಿಗುವುದು ಸೆಕೆಂಡಿಗೆ 25.92 ಗಿಗಾಬಿಟ್. 1440ರ 144 ಹರ್ಟ್ಸ್ ಮಾನಿಟರಿಗೆ ಸುಮಾರು 14, ಫುಲ್ ಎಚ್‌ಡಿಯ 60 ಹರ್ಟ್ಸ್‌ಗೆ ಸುಮಾರು 3 ಬೇಕು. ಎರಡೂ ಸುಖವಾಗಿ ಹಿಡಿಯುತ್ತವೆ. ಆದರೆ ಅದೇ ಹಬ್ಬಿನಲ್ಲಿ ವೇಗದ ಯುಎಸ್‌ಬಿ ಪೋರ್ಟ್‌ಗಳೂ ಇದ್ದರೆ ಹಲವು ಹಬ್‌ಗಳು ಎರಡು ಪಥಗಳನ್ನು ಡೇಟಾಕ್ಕೆ ಬಿಟ್ಟು ಎರಡನ್ನಷ್ಟೇ ಚಿತ್ರಕ್ಕೆ ಕೊಡುತ್ತವೆ. ಆಗ ಉಳಿಯುವುದು 12.96 ಗಿಗಾಬಿಟ್ ಮಾತ್ರ. ಚಿತ್ರವನ್ನು ಕುಗ್ಗಿಸಿ ಕಳಿಸುವ ಡಿಎಸ್‌ಸಿ ವ್ಯವಸ್ಥೆ ಹಬ್ಬಿನಲ್ಲಿ ಇಲ್ಲದಿದ್ದರೆ ಆ 144 ಹರ್ಟ್ಸ್ ಮಾನಿಟರ್ ಒಂದನ್ನೇ ಜೋಡಿಸಿದರೂ ಅದರಲ್ಲಿ ಹಿಡಿಯುವುದಿಲ್ಲ. ಮಾನಿಟರ್ ದೋಷಯುಕ್ತವೆಂದು ಹಿಂದಿರುಗಿಸಲು ಹೊರಡುವ ಮೊದಲು ಇದನ್ನು ಪರೀಕ್ಷಿಸಬೇಕು.

ಥಂಡರ್‌ಬೋಲ್ಟ್ 4 ಪೋರ್ಟ್ ಇದ್ದರೆ ಚಿಂತೆ ಕಡಿಮೆ. ಅದರ ಸಾಮರ್ಥ್ಯ 40 ಗಿಗಾಬಿಟ್, 60 ಹರ್ಟ್ಸ್‌ನ ಎರಡು 4ಕೆ ಪರದೆಗಳನ್ನು ನಡೆಸುವುದು ಅದರ ಪ್ರಮಾಣಪತ್ರದ ಕನಿಷ್ಠ ಶರತ್ತು. ಡಾಕ್‌ನ ಬೆಲೆ ಮಾತ್ರ ಕೆಲವೊಮ್ಮೆ ಮಾನಿಟರಿನ ಬೆಲೆಗೆ ಸಮವಾಗುತ್ತದೆ, ಮತ್ತು ಲ್ಯಾಪ್‌ಟಾಪಿನೊಳಗೆ ಆ ಪೋರ್ಟ್ ಸಣ್ಣ ಚಿಪ್ಪಿಗೆ ಸೇರಿದ್ದರೆ ಡಾಕ್ ಎಷ್ಟೇ ದುಬಾರಿಯಾದರೂ ಸುತ್ತುದಾರಿ ತಪ್ಪುವುದಿಲ್ಲ.

ಡಿಸ್‌ಪ್ಲೇಲಿಂಕ್ ಎಂಬ ಹೆಸರಿನ ಡಾಕ್ ಮತ್ತು ಅಡಾಪ್ಟರ್‌ಗಳನ್ನು ಆಟಕ್ಕೆ ಬಳಸಲೇಬಾರದು. ಅವು ಗ್ರಾಫಿಕ್ಸ್ ಪೋರ್ಟನ್ನು ಬಳಸದೆ ಡ್ರೈವರ್ ತಂತ್ರಾಂಶದ ಮೂಲಕ ಚಿತ್ರವನ್ನು ಕುಗ್ಗಿಸಿ ಸಾಧಾರಣ ಯುಎಸ್‌ಬಿ ಡೇಟಾದಂತೆ ಕಳಿಸುತ್ತವೆ. ಅದರ ಕೆಲಸ ಪ್ರೊಸೆಸರಿನ ಮೇಲೆ ಬೀಳುತ್ತದೆ, ಚಿತ್ರ ತಡವಾಗಿ ಬರುತ್ತದೆ. ಮೇಲ್ ಓದುವ, ಡಿಸ್ಕಾರ್ಡ್ ತೆರೆದಿಡುವ ಮೂರನೆಯ ಪರದೆಗೆ ಅವು ಸಾಕು. ಅಡಾಪ್ಟರ್ ಕೊಳ್ಳುವಾಗ ಇನ್ನೊಂದು ಎಚ್ಚರ: ಲ್ಯಾಪ್‌ಟಾಪಿನ ಡಿಸ್‌ಪ್ಲೇಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಹೋಗಲು ಸರಳ ಅಡಾಪ್ಟರ್ ಸಾಕು, ಆದರೆ ಎಚ್‌ಡಿಎಂಐಯಿಂದ ಡಿಸ್‌ಪ್ಲೇಪೋರ್ಟಿಗೆ ಹೋಗಲು ಸಂಕೇತವನ್ನೇ ಬದಲಿಸುವ ಆ್ಯಕ್ಟಿವ್ ಅಡಾಪ್ಟರ್ ಬೇಕು.

ಮ್ಯಾಕ್‌ಬುಕ್ ಇರುವವರಿಗೆ ಎರಡು ಮಾತು. ಎಂ1 ಮತ್ತು ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್ ಹೊರಗಿನ ಒಂದೇ ಮಾನಿಟರನ್ನು ಒಪ್ಪುತ್ತದೆ, ಎಂ3ರದು ಮುಚ್ಚಳ ಮುಚ್ಚಿದಾಗ ಎರಡನ್ನು, ಎಂ4ರದು ಮುಚ್ಚಳ ತೆರೆದಿದ್ದಾಗಲೂ ಎರಡನ್ನು. ಮ್ಯಾಕ್‌ಓಎಸ್‌ನಲ್ಲಿ ಎಂಎಸ್‌ಟಿ ಹಬ್ ಪರದೆಯನ್ನು ವಿಸ್ತರಿಸುವುದಿಲ್ಲ, ಎರಡೂ ಮಾನಿಟರಿನಲ್ಲಿ ಒಂದೇ ಚಿತ್ರ ಬರುತ್ತದೆ.

ಜೋಡಿಸಿದ ಮೇಲೆ

ಹೊಸ 144 ಹರ್ಟ್ಸ್ ಮಾನಿಟರ್ ಜೋಡಿಸಿದರೂ ವಿಂಡೋಸ್ ಅದನ್ನು 60 ಹರ್ಟ್ಸ್‌ನಲ್ಲೇ ನಡೆಸುತ್ತಿರುವುದು ಸಾಮಾನ್ಯ. ಅದೇ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಪುಟದಲ್ಲಿ ದರವನ್ನು ಕೈಯಾರೆ ಏರಿಸಬೇಕು. ಆಟದ ಮಾನಿಟರನ್ನು ಮುಖ್ಯ ಪರದೆಯಾಗಿ ಗುರುತಿಸಿದರೆ ಹೆಚ್ಚಿನ ಆಟಗಳು ಅಲ್ಲಿಯೇ ತೆರೆಯುತ್ತವೆ. ಪರದೆಗಳ ನಡುವೆ ಆಗಾಗ ಓಡಾಡುವವರು ಆಟವನ್ನು ಬಾರ್ಡರ್‌ಲೆಸ್, ಅಂದರೆ ಅಂಚಿಲ್ಲದೆ ಪರದೆ ತುಂಬುವ, ಕಿಟಕಿಯಲ್ಲಿ ನಡೆಸುವುದು ಹಿತ. ಅತ್ಯಂತ ವೇಗ ಬೇಕಾದ ಸ್ಪರ್ಧೆಯ ಹೊತ್ತಿನಲ್ಲಿ ವಿಂಡೋಸ್ ಕೀ ಮತ್ತು ಪಿ ಒತ್ತಿ ಎರಡನೆಯ ಪರದೆ ಮಾತ್ರ ಎಂಬುದನ್ನು ಆರಿಸಿದರೆ ಲ್ಯಾಪ್‌ಟಾಪಿನ ಪರದೆ ಆರುತ್ತದೆ, ಅದಕ್ಕಾಗಿ ಸಣ್ಣ ಚಿಪ್ ದುಡಿಯುವುದೂ ನಿಲ್ಲುತ್ತದೆ.

ಹಾಗೆ ಮಾಡುವಾಗಲೂ ಮುಚ್ಚಳ ಮುಚ್ಚಬೇಡಿ. ಅನೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳು ಕೀಬೋರ್ಡಿನ ಕಡೆಯಿಂದಲೂ ಗಾಳಿ ಎಳೆಯುತ್ತವೆ, ಬಿಸಿಗಾಳಿಯನ್ನು ಹಿಂಜುಗಳ ಬಳಿ ಹೊರಬಿಡುತ್ತವೆ. ಮುಚ್ಚಿದರೆ ಶಾಖ ಒಳಗೇ ಉಳಿದು ಚಿಪ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ, ಪರದೆಗೂ ಆ ಬಿಸಿ ತಾಗುತ್ತದೆ. ಕಲಬುರಗಿ, ರಾಯಚೂರುಗಳ ಏಪ್ರಿಲ್ ಬಿಸಿಲಿನಲ್ಲಿ ಹಿಂಭಾಗವನ್ನು ಸ್ವಲ್ಪ ಎತ್ತರಿಸುವ ಸ್ಟ್ಯಾಂಡ್ ಕೂಡ ಅವಶ್ಯ. ಯುಎಸ್‌ಬಿ-ಸಿ ಕೇಬಲಿನಲ್ಲೇ ಚಾರ್ಜ್ ಮಾಡುವ ಮಾನಿಟರ್‌ಗಳು ಸಾಮಾನ್ಯವಾಗಿ 65 ಅಥವಾ 90 ವ್ಯಾಟ್ ಕೊಡುತ್ತವೆ. ಆಟದ ಹೊತ್ತಿಗೆ ಇದು ಸಾಲದು. ಲ್ಯಾಪ್‌ಟಾಪಿನ ಜೊತೆಗೆ ಬಂದ ದಪ್ಪ ಚಾರ್ಜರನ್ನೇ ಹಾಕಿಕೊಂಡು ಆಡಬೇಕು.

ಕೊನೆಯದಾಗಿ ಕರೆಂಟಿನ ವಿಷಯ. ಲ್ಯಾಪ್‌ಟಾಪಿಗೆ ಬ್ಯಾಟರಿಯಿದೆ, ಮಾನಿಟರಿಗೆ ಇಲ್ಲ. ಆಟದ ನಡುವೆ ಕರೆಂಟ್ ಹೋದರೆ ಹೊರಗಿನ ಪರದೆಗಳು ತಟ್ಟನೆ ಆರುತ್ತವೆ, ಆಟದ ಕಿಟಕಿ ಲ್ಯಾಪ್‌ಟಾಪಿನ ಪರದೆಗೆ ಜಿಗಿಯುತ್ತದೆ ಅಥವಾ ಕೆಳಗಿಳಿದು ಮರೆಯಾಗುತ್ತದೆ, ವೈಫೈ ರೂಟರ್ ನಿಂತು ತಂಡದ ಸಂಪರ್ಕವೂ ಕಡಿಯುತ್ತದೆ. ಮನೆಯ ಇನ್ವರ್ಟರ್ ಸಂಪರ್ಕವನ್ನು ಎಷ್ಟೋ ಕಡೆ ದೀಪ, ಫ್ಯಾನುಗಳಿಗಷ್ಟೇ ಕೊಟ್ಟಿರುತ್ತಾರೆ. 24 ಇಂಚಿನ ಸಾಧಾರಣ ಮಾನಿಟರ್ ಎಳೆಯುವುದು 20ರಿಂದ 30 ವ್ಯಾಟ್, ಆದ್ದರಿಂದ 600 ವಿಎ ಸಾಮರ್ಥ್ಯದ ಸಣ್ಣ ಯುಪಿಎಸ್ ಎರಡು ಮಾನಿಟರ್ ಮತ್ತು ರೂಟರನ್ನು ಆಟ ಮುಗಿಯುವವರೆಗೆ ನಡೆಸಬಲ್ಲದು. ಲ್ಯಾಪ್‌ಟಾಪಿನ ಚಾರ್ಜರನ್ನು ಅದಕ್ಕೆ ಹಾಕಬೇಡಿ: 200 ವ್ಯಾಟಿಗೂ ಮೇಲ್ಪಟ್ಟ ಆ ಭಾರಕ್ಕೆ ಯುಪಿಎಸ್ ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತದೆ, ಬ್ಯಾಟರಿಯಲ್ಲಿ ಫ್ರೇಮ್‌ಗಳು ಕಡಿಮೆಯಾದರೂ ಪಂದ್ಯ ಮುಗಿಸುವಷ್ಟು ಹೊತ್ತು ಲ್ಯಾಪ್‌ಟಾಪ್ ತಾನೇ ನಡೆಯುತ್ತದೆ.